ಜುಬೇದಾ ಆಂಟಿಯ ಎರರ್ ಮೆಸೇಜ್

‘ತುಂಬಾ ಚೆನ್ನಾಗಿದೆ ಕಣಮ್ಮ’ ಎಂದು ಜುಬೇದಾ ಆಂಟಿ ಫೋನಿನಲ್ಲಿ ಹೇಳಿದ್ದು ಸತತ ಮೂರು ಭಾನುವಾರ. ಮೂರು ಸಲವೂ ನಾನು ಹಿಗ್ಗಿ ಹೀರೇಕಾಯಿಯಾದೆ. ಮೂರನೇ ಭಾನುವಾರದ ಮರುದಿನ, ಸೋಮವಾರ ಬೆಳಗ್ಗೆ, ಮ್ಯಾನ್‌ಹಟನ್‌ಗೆ ಹೋಗುವ ಟ್ರೈನಿನಲ್ಲಿ ಅವರ ಮಗಳು ಸೈಮಾ ನನ್ನ ಪಕ್ಕ ಬಂದು ಕೂತಳು.

‘ಅಮ್ಮಿ ಈ ತಿಂಗಳಿಗೆ ಕನ್ನಡ ಕ್ಲಾಸ್ ನಿಲ್ಲಿಸ್ತಾರಂತೆ.’

‘ಯಾಕೆ? ನಾನು ಮಾಡ್ಕೊಟ್ಟ ಪ್ರೋಗ್ರಾಮ್ ಇದೆಯಲ್ಲ. ಚೆನ್ನಾಗಿದೆ ಅಂದ್ರಲ್ಲ?’

ಸೈಮಾ ಕಿಟಕಿಯ ಕಡೆ ತಿರುಗಿದಳು. ‘ಸುಮಾ, ನಾನು ಹೇಳಿದೆ ಅಂತ ಹೇಳ್ಬೇಡ. ಅದು ಒಂದು ದಿನಾನೂ ಓಪನ್ ಆಗಿಲ್ಲ.’

ಹೇಗಾಗಿರಬೇಡ ನನಗೆ?

ಜುಬೇದಾ ಆಂಟಿ ಮೈಸೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ ಆಗಿ ರಿಟೈರ್ ಆದವರು. ಈಗ ವೆಸ್ಟ್ ವಿಂಡ್ಸರ್‌ನಲ್ಲಿ ಸೈಮಾಳ ಮನೆಯಲ್ಲಿದ್ದಾರೆ. ಭಾನುವಾರ ಆ ಮನೆಯ ಬೇಸ್‌ಮೆಂಟಿನಲ್ಲಿ, ಇಲ್ಲೇ ಹುಟ್ಟಿದ ಮಕ್ಕಳಿಗೆ ಅಆಇಈ ಕಲಿಸುತ್ತಾರೆ. ನನ್ನ ಮಗಳೂ ಅಲ್ಲೇ ಕಲಿತವಳು (ಈಗ ಕಾಲೇಜಿನಲ್ಲಿದ್ದಾಳೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಆದರೆ ಬೈದರೆ ಪೂರ್ತಿ ಅರ್ಥವಾಗುತ್ತದೆ). ಕಳೆದ ವರ್ಷದಿಂದ ಆಂಟಿಗೆ ಕೈ ನಡುಕ. ಬೋರ್ಡಿನ ಮೇಲೆ ‘ಕ’ ಬರೆಯಲು ಹೊರಟರೆ ಗೆರೆ ಎಲ್ಲೋ ಹೋಗುತ್ತದೆ. ‘ನನ್ನ ಅಕ್ಷರ ನೋಡಿ ಮಕ್ಕಳೂ ಹಾಗೇ ಬರೀತಾವೆ, ಬಿಟ್ಬಿಡ್ತೀನಿ’ ಎಂದಿದ್ದರು. ಆ ಎರಡು ಗಂಟೆಗಾಗಿ ಅವರು ವಾರವಿಡೀ ತಯಾರಿ ಮಾಡುವುದನ್ನು ನಾನು ಕಂಡಿದ್ದೇನೆ. ಅದೂ ಹೋದರೆ ಅವರಿಗೆ ಇಲ್ಲಿ ಏನಿದೆ?

ಅದಕ್ಕೇ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಕೀಲಿ ಒತ್ತಿದರೆ ಸಾಕು, ಟೀವಿ ಪರದೆಯ ಮೇಲೆ ಅಕ್ಷರ ತಾನಾಗಿಯೇ ಬರೆದುಕೊಳ್ಳುತ್ತಾ ಹೋಗುತ್ತದೆ. ನನ್ನ ಮ್ಯಾಕ್‌ನಲ್ಲಿ ಎರಡೇ ಶನಿವಾರದಲ್ಲಿ ಮುಗಿಯಿತು. ಆದರೆ ಆಂಟಿಯ ಲ್ಯಾಪ್‌ಟಾಪ್ ವಿಂಡೋಸ್!

ಒಂದೇ ಕೋಡನ್ನು ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರಕ್ಕೂ ಕಟ್ಟಿಕೊಡುತ್ತೇನೆ ಎನ್ನುವ ಬಿಲ್ಡ್ ಟೂಲ್‌ಗಳಿವೆ. ಅಂಥದ್ದೊಂದರ ಕಾಲಿಗೆ ಬಿದ್ದೆ. ಲೈಬ್ರರಿ (ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಗಂಟು) ಸಿಗಲಿಲ್ಲ ಎಂದಿತು. ಇಲ್ಲೇ ಇದೆಯಲ್ಲ ಮಾರಾಯ ಎಂದು ದಾರಿ ತೋರಿಸಿದೆ. ಸಿಕ್ಕಿತು, ಆದರೆ ಇದು ಬೇರೆ ವರ್ಷನ್, ಆಗದು ಎಂದಿತು. ಸರಿಯಾದದ್ದನ್ನು ತಂದುಕೊಟ್ಟರೆ, ಹಳೆಯದನ್ನೇ ಹಿಡಿದುಕೊಂಡು ಕೂತಿತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲರದೂ ಒಂದೇ ಉಪದೇಶ: ಬಿಲ್ಡ್ ಫೋಲ್ಡರ್ ಅಳಿಸಿ, ಮೊದಲಿಂದ ಶುರು ಮಾಡಿ. ಅಳಿಸಿದೆ. ಶುರು ಮಾಡಿದೆ. ಎಷ್ಟು ಸಲ ಎಂದು ಕೇಳಬೇಡಿ. ಸಾಲು ಸಾಲು ಕೆಂಪು ಅಕ್ಷರ ನೋಡಿ ನೋಡಿ ನನ್ನ ಕಣ್ಣೂ ಕೆಂಪಾಯಿತು. ಆ ಟೂಲ್ ಬರೆದವರ ವಂಶವನ್ನೆಲ್ಲ ಬೈದೆ.

ಕೊನೆಗೊಂದು ಶನಿವಾರ ಮಧ್ಯಾಹ್ನ ನೂರಕ್ಕೆ ನೂರು ಎಂದು ಬಂತು. ಆಂಟಿಗೆ ಕಳಿಸಬೇಕಾದ ಪ್ಯಾಕೇಜೂ ತಯಾರಾಯಿತು. ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲೇ ಕಟ್ಟಿದ್ದೆ, ಅದರಲ್ಲೇ ಇನ್‌ಸ್ಟಾಲ್ ಮಾಡಿ ನೋಡಿದೆ. ಸೊಗಸಾಗಿ ಓಡಿತು. ಆಂಟಿಗೆ ಕಳಿಸಿ ಕಾಲರ್ ಏರಿಸಿಕೊಂಡೆ.

ಸೈಮಾ ಹೇಳಿದ ದಿನ ಸಂಜೆ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆಗೆದೆ. ತಪ್ಪು ಸಿಗಲು ಐದು ನಿಮಿಷ ಬೇಕಾಗಲಿಲ್ಲ. ಅಕ್ಷರಗಳ ಚಿತ್ರವಿರುವ ಫೈಲ್ ಪ್ಯಾಕೇಜಿನೊಳಗೆ ಹೋಗಿಯೇ ಇರಲಿಲ್ಲ. ಅದನ್ನೂ ಸೇರಿಸು ಎಂದು ಕಾನ್ಫಿಗರೇಶನ್ನಿನಲ್ಲಿ ಒಂದು ಸಾಲು ಬರೆಯಬೇಕಿತ್ತು, ಮರೆತಿದ್ದೆ. ಪ್ರೋಗ್ರಾಮ್ ಆ ಫೈಲನ್ನು ನನ್ನ ಲ್ಯಾಪ್‌ಟಾಪಿನ ಫೋಲ್ಡರಿನ ವಿಳಾಸದಲ್ಲೇ ಹುಡುಕುತ್ತಿತ್ತು. ನನ್ನಲ್ಲಿ ಸಿಕ್ಕಿತು, ಓಡಿತು. ಆಂಟಿಯ ಬಳಿ ನನ್ನ ಫೋಲ್ಡರ್ ಎಲ್ಲಿಂದ ಬರಬೇಕು? ಕಟ್ಟಿದ ಮೆಷಿನ್ನಿನಲ್ಲೇ ಟೆಸ್ಟ್ ಮಾಡಿ ಮುಗಿಸಬೇಡಿ ಎಂದು ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವಳು ನಾನೇ!

ಸರಿ, ತಪ್ಪು ನನ್ನದೇ. ಆದರೆ ಆ ಮೂರು ‘ಚೆನ್ನಾಗಿದೆ’ ಯಾರದು?

ಉಪ್ಪು ಮರೆತ ಉಪ್ಪಿಟ್ಟನ್ನು ಹೊಗಳಿ ಎರಡನೇ ಸಲ ಹಾಕಿಸಿಕೊಳ್ಳುವ ಜನ ನಾವು. ಊಟಕ್ಕೆ ಬಂದ ಅತಿಥಿಗೆ ಇದು ನಡೆಯುತ್ತದೆ. ಇಲ್ಲಿ ಮಾತ್ರ ಒಬ್ಬ ವಯಸ್ಸಾದ ಹೆಂಗಸು ಮೂರು ವಾರ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬೋರ್ಡಿನ ಮೇಲೆ ಬರೆದು, ನನಗೆ ಬೇಜಾರಾಗಬಾರದೆಂದು ಸುಳ್ಳು ಹೇಳಿದ್ದರು. ಸಿಟ್ಟೂ ಬಂತು, ಅಳುವೂ ಬಂತು.

ಬುಧವಾರ ಆಫೀಸಿನಿಂದ ನೇರ ಅವರ ಮನೆಗೆ ಹೋದೆ. ಹೊಸ ವರ್ಷನ್ ತಂದಿದ್ದೇನೆ ಎಂದೆ (ಸೈಮಾಳ ಹೆಸರು ಎತ್ತುವಂತಿಲ್ಲವಲ್ಲ). ‘ಅದಕ್ಕೆ ಮೊದಲು ಹಳೇದನ್ನ ಒಂದ್ಸಲ ಓಪನ್ ಮಾಡಿ ಆಂಟಿ.’

ಅವರು ಡಬಲ್ ಕ್ಲಿಕ್ ಮಾಡಿದರು. ಬಿಳಿ ಪರದೆಯೊಂದು ಕಾಣಿಸಿಕೊಂಡು ಮಾಯವಾಯಿತು. ಆಂಟಿ ತಲೆ ತಗ್ಗಿಸಿದರು.

‘ಯಾಕೆ ಹೇಳ್ಲಿಲ್ಲ ಆಂಟಿ?’

‘ಅಷ್ಟು ಕಷ್ಟಪಟ್ಟು ಮಾಡಿದ್ದೀಯ. ಹೇಗಮ್ಮ ಹೇಳೋದು? ನಾನೇ ಏನೋ ತಪ್ಪು ಒತ್ತಿದೀನಿ ಅಂದ್ಕೊಂಡೆ. ಕೈ ನಡುಗತ್ತಲ್ಲ.’

ನನ್ನ ಒಂದು ಸಾಲಿನ ತಪ್ಪನ್ನು ಅವರು ತಮ್ಮ ಕೈಯ ಮೇಲೆ ಹಾಕಿಕೊಂಡಿದ್ದರು. ಆ ಕೆಟ್ಟ ಬಿಲ್ಡ್ ಟೂಲ್ ಒಂದು ದಿನವೂ ಹಾಗೆ ಮಾಡಲಿಲ್ಲ. ತನಗೆ ತಪ್ಪು ಕಂಡಾಗಲೆಲ್ಲ ಮುಖಕ್ಕೆ ಹೊಡೆದಂತೆ ಹೇಳಿತು, ಎಷ್ಟನೇ ಸಾಲು ಎಂಬುದನ್ನೂ ಹೇಳಿತು. ನಾನು ಬೈದದ್ದು ಮಾತ್ರ ಅದನ್ನೇ.

ಹೊಸದನ್ನು ಇನ್‌ಸ್ಟಾಲ್ ಮಾಡಿದೆ. ಆಂಟಿ ನಡುಗುವ ಬೆರಳಿನಿಂದಲೇ ಕೀಲಿ ಒತ್ತಿದರು. ಟೀವಿಯಲ್ಲಿ ದುಂಡಗೆ ‘ಕ’ ಮೂಡಿತು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, ‘ಚೆನ್ನಾಗಿದೆ ಕಣಮ್ಮ.’

‘ಹಾಗನ್ಬೇಡಿ. ನಿಮ್ಮ ಹೈಸ್ಕೂಲ್ ಹುಡುಗಿ ಹೋಮ್‌ವರ್ಕ್ ತಂದಿದಾಳೆ ಅಂದ್ಕೊಳ್ಳಿ. ಕರೆಕ್ಷನ್ ಮಾಡಿ.’

ಆಂಟಿ ಕನ್ನಡಕ ಹಾಕಿಕೊಂಡರು. ನೆಟ್ಟಗೆ ಕೂತರು. ದನಿಯೇ ಬದಲಾಯಿತು.

‘ವೇಗ ಜಾಸ್ತಿ. ಮಕ್ಕಳ ಕಣ್ಣು ಹಿಂದೆ ಬೀಳತ್ತೆ. ಈ ಹಸಿರು ಬಣ್ಣ ಬೇಡ, ಏನೂ ಕಾಣಲ್ಲ. ಮತ್ತೆ ಒತ್ತಕ್ಷರ ಎಲ್ಲಿ? ಇಷ್ಟು ವಾರ ಏನು ಮಾಡ್ತಿದ್ದೆ ನೀನು?’

ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಭಾನುವಾರ ಕ್ಲಾಸ್ ನಡೆಯಿತು. ಸಂಜೆ ಫೋನಿಗೆ ಆಂಟಿಯ ಉದ್ದದ ಮೆಸೇಜ್ ಬಂತು, ಒಟ್ಟು ಏಳು ತಪ್ಪು. ಕ್ಲಾಸ್ ನಿಲ್ಲಿಸುವ ಮಾತು ಅದರಲ್ಲಿ ಇರಲಿಲ್ಲ.

ಅದಿರಲಿ, ಓದುಗರೇ. ‘ಅಂಕಣ ತುಂಬಾ ಚೆನ್ನಾಗಿದೆ ಮೇಡಂ’ ಎಂದು ಪ್ರತಿ ವಾರ ಬರೆಯುತ್ತೀರಲ್ಲ, ನಿಜ ಹೇಳಿ, ನಿಮ್ಮಲ್ಲಿ ಇದು ಓಪನ್ ಆಗುತ್ತಿದೆಯಾ?