ಚಿಕಾಸಾ ಅಜ್ಜಿಯ ಮಾತಿಗೆ ಕನ್ನಡ ಅಕ್ಷರ

ನೈರೋಬಿಯ ಲ್ಯಾವಿಂಗ್ಟನ್‌ನ ನಮ್ಮ ಕಾಂಪೌಂಡಿಗೆ ಬಂದ ಮೂರನೇ ದಿನ, ಗೇಟಿನ ಅಸ್ಕರಿ, ಅಂದರೆ ಕಾವಲುಗಾರ ಮುತುವಾ, "ನಾಲ್ಕನೇ ನಂಬರಿನಲ್ಲಿ ಇನ್ನೊಬ್ಬರು ಇಂಡಿಯನ್ ಮಾಮಾ ಇದ್ದಾರೆ" ಎಂದ. ಇಲ್ಲಿ ಮಾಮಾ ಎಂದರೆ ಅಮ್ಮ. ಕನ್ನಡವಲ್ಲದಿದ್ದರೆ ಹಿಂದಿಯಾದರೂ ಸಿಕ್ಕೀತೆಂದು ರವೆ ಉಂಡೆ ಹಿಡಿದು ಹೋದೆ. ಬಾಗಿಲು ತೆರೆದದ್ದು ಜೀನ್ಸ್ ತೊಟ್ಟ, ಬಿಳಿ ಜಡೆಯ ಅಮೆರಿಕನ್ ಹೆಂಗಸು.

"ಇಂಡಿಯನ್ ಹೌದು, ನಿಮ್ಮ ಇಂಡಿಯಾದವಳಲ್ಲ. ನಾನು ಚಿಕಾಸಾ, ಅಮೆರಿಕದ ಮೂಲನಿವಾಸಿ," ಎಂದು ನಕ್ಕರು ಲೊರೇನ್. ಉಂಡೆ ಬಾಯಿಗಿಟ್ಟು "ಚೊಕ್ಮ" ಎಂದರು. ನನಗೆ "ಚೊಕ್ಕ" ಎಂದು ಕೇಳಿಸಿತು. ಚೊಕ್ಮ ಎಂದರೆ ಅವರ ಭಾಷೆಯಲ್ಲಿ ಚೆನ್ನಾಗಿದೆ ಎಂದಂತೆ.

ಅದು ೨೦೧೪. ಗಂಡನ ಟೆಲಿಕಾಂ ಕಂಪನಿ ನಮ್ಮನ್ನು ನೈರೋಬಿಗೆ ಕಳಿಸಿತ್ತು. ಮೈಸೂರಿನಲ್ಲಿ ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಮಗಳು ಅನಘಾ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದ್ದಳು. ಮನೆಯಲ್ಲೇ ನನ್ನ ಮಾತಿಗೆ ಜೊತೆ ಕಡಿಮೆಯಾಗಿತ್ತು.

ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕೊಂದರಲ್ಲಿ ನರ್ಸುಗಳಿಗೆ ತರಬೇತಿ ಕೊಡುತ್ತಿದ್ದ ಲೊರೇನ್ ಸಂಜೆ ಚಹಾಕ್ಕೆ ಕರೆಯುತ್ತಿದ್ದರು. ಸುಮಾರು ನೂರೆಂಬತ್ತು ವರ್ಷಗಳ ಹಿಂದೆ ಸರಕಾರ ಅವರ ಜನರನ್ನು ಮಿಸಿಸಿಪ್ಪಿಯ ನೆಲದಿಂದ ಎಬ್ಬಿಸಿ ಈಗಿನ ಒಕ್ಲಹೋಮಕ್ಕೆ ಸಾಗಿಸಿತಂತೆ. ನಮ್ಮ ಕರಾವಳಿಯ ಅಳಿಯಸಂತಾನದ ಹಾಗೆ ಅವರಲ್ಲೂ ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು. ತನ್ನ ಹೆಸರಿನ ಆಸ್ತಿ ಗಂಡನದಲ್ಲವೆಂದು ಕೋರ್ಟಿನಲ್ಲಿ ಗೆದ್ದವಳು, ವೇದಿಕೆ ಏರಿ ತನ್ನವರ ಕಥೆಗಳನ್ನು ಹೇಳಿ ಹೆಸರಾದವಳು, ಚಿಕಾಸಾ ಬಿಟ್ಟು ಬೇರೆ ಭಾಷೆಯೇ ಬಾರದೆ ಬದುಕಿದ ಕೊನೆಯ ಅಜ್ಜಿ, ಎಲ್ಲರ ಕಥೆಯನ್ನೂ ಹೇಳಿದರು. ಆ ಅಜ್ಜಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

"ನನ್ನಜ್ಜಿಗೆ ಶಾಲೆಯಲ್ಲಿ ಆ ಭಾಷೆ ಆಡಿದ್ದಕ್ಕೆ ಹೊಡೆದರು," ಎಂದರು ಲೊರೇನ್. "ಅದಕ್ಕೇ ಅಮ್ಮನಿಗೆ ಕಲಿಸಲಿಲ್ಲ. ನನಗೆ ಗೊತ್ತಿರುವುದು ನಾಲ್ಕೈದು ಮಾತು, ಮತ್ತೆ ಇದು." ಇದು ಎಂದರೆ ಅಜ್ಜಿಯ ದನಿಯಿದ್ದ ಹಳೆಯ ಕ್ಯಾಸೆಟ್ಟು. ಟೇಪು ಸವೆದಿತ್ತು. ಅದನ್ನು ಕೇಳಿ ತಾನೂ ಹಾಗೆಯೇ ನುಡಿಯಬೇಕೆಂದು ಅವರಿಗೆ ಆಸೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ಓದುವಾಗ ದನಿ ಇಂಗ್ಲಿಷಿಗೇ ಜಾರುತ್ತಿತ್ತು.

ನನ್ನ ಗಂಡ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟರು. ನಾನು ಕೇಳಿದಂತೆ ಕನ್ನಡ ಅಕ್ಷರದಲ್ಲಿ ಬರೆದೆ. ದೀರ್ಘಕ್ಕೆ ದೀರ್ಘ, ಒತ್ತಿಗೆ ಒತ್ತು, ಮೂಗಿನ ಸದ್ದಿಗೆ ಸೊನ್ನೆ. ನಾಲಿಗೆಯ ಪಕ್ಕದಿಂದ ಗಾಳಿ ಹೊರಡುವ ಒಂದು ಸದ್ದಿಗೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ. ಲಕಾರದ ಕೆಳಗೆ ಚುಕ್ಕಿ ಇಟ್ಟೆ. ಮೂರು ವಾರ ಹಿಡಿಯಿತು. ಅನಘಾ ಬಗ್ಗಿ ನೋಡಿ, ಇದನ್ನೇಕೆ ನಮ್ಮ ಅಕ್ಷರದಲ್ಲಿ ಬರೀತಿದ್ದೀಯ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಆ ಒಂದು 'ನಮ್ಮ' ನನಗೆ ಸಾಕಿತ್ತು.

ಬರೆದದ್ದನ್ನು ಜೋರಾಗಿ ಓದಿದೆ. ಲೊರೇನ್ ಚಹಾ ಲೋಟ ಕೆಳಗಿಟ್ಟರು. "ಇನ್ನೊಂದು ಸಲ ಓದಿ," ಎಂದರು. ಆಮೇಲೆ ಒಂದೊಂದೇ ಮಾತು ನನ್ನ ಹಿಂದೆ ಹೇಳುತ್ತಾ ಹೋದರು.

ಅರ್ಥ ತಿಳಿಯಲು ದನಿಯನ್ನು ಒಕ್ಲಹೋಮದ ಚಿಕಾಸಾ ಶಿಕ್ಷಕಿಯೊಬ್ಬರಿಗೆ ಕಳಿಸಿದ್ದರು. ದೊಡ್ಡ ಸಂಗತಿ ಏನೋ ಇದ್ದೀತೆಂದು ಇಬ್ಬರೂ ಕಾದೆವು. ಉತ್ತರ ಬಂತು: ಜೋಳದ ಗಂಜಿ ತಳ ಹಿಡಿಯುತ್ತದೆ, ಹರಟೆ ಬಿಟ್ಟು ಕೈಯಾಡಿಸು, ಅಕ್ಕ ಬರುವವಳಿದ್ದಾಳೆ. ಲೊರೇನ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಬೈಯುತ್ತಿದ್ದಾಳೆ, ನನ್ನನ್ನೇ," ಎಂದರು.

ಆ ಭಾನುವಾರ ಅದೇ ಗಂಜಿ ಮಾಡಿದೆವು. ಅದರ ಹೆಸರು ಪಿಶೋಫ. ಸಿಪ್ಪೆ ತೆಗೆದ ಮುಸುಕಿನ ಜೋಳವನ್ನು ಮುತುವಾ ತಂದುಕೊಟ್ಟ. ಅವನ ಊರಿನಲ್ಲಿ ಅದು ಮುಥೊಕೊಯಿ. ಅದಕ್ಕೆ ಹಂದಿಮಾಂಸ ಹಾಕುವುದು ವಾಡಿಕೆಯಂತೆ; ನನ್ನ ಪಾತ್ರೆಗೆ ಅದನ್ನು ಹಾಕಲಿಲ್ಲ, ತುಪ್ಪ ಬಿತ್ತು. ನಿಮ್ಮೂರು ಯಾವುದೆಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ ಎಂದು ಲೊರೇನ್ ಅವರನ್ನು ಕೇಳಿದೆ. "ಓಡಿಸಿದ ಊರೂ ನನ್ನದೇ, ಇಳಿಸಿದ ಊರೂ ನನ್ನದೇ. ಯಾವುದನ್ನೂ ಬಿಟ್ಟುಕೊಡುವುದಿಲ್ಲ," ಎಂದರು.

ಮುಂದಿನ ವರ್ಷ ಕಂಪನಿ ಇನ್ನೆರಡು ವರ್ಷ ಇರುತ್ತೀರಾ ಎಂದು ಕೇಳಿತು. "ಏನ್ ಹೇಳ್ಲಿ?" ಎಂದರು ಗಂಡ. "ಇರೋಣ ರೀ," ಎಂದೆ. ಅಷ್ಟು ಬೇಗ ಹೇಳಿದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಮರುದಿನ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. "ಹಾಗಾದ್ರೆ ನಿಮ್ಮನೆ ಬಾಡಿಗೆಗೆ ಕೊಟ್ಬಿಡ್ಲೇನೇ?"

"ಕೊಡು ಅಕ್ಕಾ," ಎಂದೆ. "ಮಹಡಿ ಮೇಲಿನ ರೂಮ್ ಒಂದು ಬಿಟ್ಟು. ಅದು ನಮಗಿರಲಿ."