ಒಂದು ತಿಂಗಳ ಪಾಸು

ರೈಲು ಪಾಸಿನ ಪ್ಲಾಸ್ಟಿಕ್ ಕವರಿನೊಳಗೆ, ಟಿಕೆಟ್ಟಿನ ಬೆನ್ನಿಗೆ, ಒಂದು ತುಳಸಿ ಎಲೆ ಇರುತ್ತಿತ್ತು. ಒಣಗಿ ಚಪ್ಪಟೆಯಾಗಿ, ಮುಟ್ಟಿದರೆ ಪುಡಿಯಾಗುವಂತಿದ್ದ ಎಲೆ. ಕವರಿನ ಒಳಮೈಯಲ್ಲಿ ಅದರ ಆಕಾರದ ಕಂದು ಕಲೆಯೊಂದು ಉಳಿದುಬಿಟ್ಟಿದೆ. ಆ ಕವರ್ ಈಗ ನನ್ನ ಬಳಿ ಇದೆ.

ಅದು ನನ್ನ ಅಜ್ಜಿಯದು, ಅಪ್ಪನ ತಾಯಿಯದು. ಲೋಕಲ್ ರೈಲಿನಲ್ಲಿ ಹೋಗುತ್ತಿರುವಾಗಲೇ ಜೀವ ಹೋದರೆ ಬಾಯಿಗೆ ಹಾಕಲು ಒಂದು ದಳವಾದರೂ ಕೈಗೆ ಸಿಗಲಿ ಎಂದು ಇಟ್ಟುಕೊಂಡಿದ್ದರು. ಅದರಲ್ಲಿ ಭಯವೇನೂ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಕೊಡೆ ತೆಗೆದುಕೊಂಡು ಹೊರಡುವಷ್ಟೇ ಸಹಜವಾಗಿ, ಹೊಸ ಪಾಸು ಬಂದಾಗಲೆಲ್ಲ ಅಪ್ಪನ ಪೂಜೆಯ ತಟ್ಟೆಯಿಂದ ಹೊಸ ಎಲೆಯೊಂದನ್ನು ಆರಿಸಿಕೊಳ್ಳುತ್ತಿದ್ದರು.

ಇದನ್ನು ಕಂಡುಹಿಡಿದ ದಿನ ದೊಡ್ಡಜ್ಜಿ, ಎಂದರೆ ಅಜ್ಜಿಯ ಅಕ್ಕ, ಬಿಟ್ಟಿರಲಿಲ್ಲ.

"ಅಲ್ಲ ಮಾರಾಯ್ತಿ, ಲೇಡೀಸ್ ಡಬ್ಬದಲ್ಲಿ ಕೂತ ಗುಜರಾತಿ ಹೆಂಗಸಿಗೆ ನಿನ್ನ ಪಾಸಿನ ಹಿಂದೆ ತುಳಸಿ ಉಂಟು ಅಂತ ಯಾರು ಹೇಳೋದು? ನೀನೇ ಎದ್ದು ಕೂತು ಹೇಳ್ತೀಯಾ?"

"ದೇವರು ಹೇಳ್ತಾನೆ."

"ದೇವರಿಗೆ ಗುಜರಾತಿ ಬರ್ತದಾ?"

"ಬರದೆ ಎಂತ? ಕೃಷ್ಣ ಉಡುಪಿಗೆ ಬರುವ ಮೊದಲು ದ್ವಾರಕೆಯಲ್ಲಿ ಇದ್ದವನಲ್ವಾ?"

ಆ ಗೆಲುವನ್ನು ಅಜ್ಜಿ ತಿಂಗಳುಗಟ್ಟಲೆ ನೆನೆಸಿಕೊಂಡು ನಗುತ್ತಿದ್ದರು.

ಇಬ್ಬರೂ ಮದುವೆಯಾಗಿ ಕರಾವಳಿಯಿಂದ ಬಂದು, ಬೊಂಬಾಯಿಯ ಮಾಟುಂಗದ ಒಂದೇ ಗಲ್ಲಿಯಲ್ಲಿ ಎದುರುಬದುರು ಕಟ್ಟಡಗಳಲ್ಲಿ ಸಂಸಾರ ಮಾಡಿದವರು. ಅಜ್ಜ ತೀರಿಕೊಂಡ ಮೇಲೆ ಅಪ್ಪ ಮುಲುಂಡಿನಲ್ಲಿ ಮನೆ ಮಾಡಿದರು. ಅಜ್ಜಿ ನಮ್ಮೊಂದಿಗೆ ಬಂದರು, ಆದರೆ ಪೂರ್ತಿಯಾಗಿ ಬರಲಿಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಊಟ ಮುಗಿಸಿ, ಗದ್ದಲ ಇಳಿದ ಹೊತ್ತಿನ ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿಬಿಡುತ್ತಿದ್ದರು. "ಅತ್ತೆ ಮುಲುಂಡಿಗೆ ಮಲಗ್ಲಿಕ್ಕೆ ಮಾತ್ರ ಬರೋದು" ಎಂದು ಅಮ್ಮ ಹೇಳುತ್ತಿದ್ದಳು. ಅದು ಆಕ್ಷೇಪವಲ್ಲ. ನೆರೆಮನೆಯವರಿಗೆ ಪರಿಚಯ ಮಾಡಿಸುವ ರೀತಿ.

ಪಾಸು ಮಾಡಿಸುವುದು ನನ್ನ ಕೆಲಸ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಫೋರ್ಟ್ ಭಾಗದ ಒಂದು ಆಫೀಸಿಗೆ ಸೇರಿದ್ದೆ. ನನ್ನದು, ಅಜ್ಜಿಯದು, ಎರಡೂ ಪಾಸನ್ನು ಒಂದೇ ಸಲ ಮಾಡಿಸುತ್ತಿದ್ದೆ, ಮೂರು ತಿಂಗಳದ್ದು. ಎರಡೂ ಒಂದೇ ದಿನ ಮುಗಿಯುತ್ತಿದ್ದವು. ಅದರಲ್ಲಿ ವಿಶೇಷವೇನಾದರೂ ಇದೆಯೆಂದು ನನಗೆ ಆಗ ಅನಿಸಿರಲಿಲ್ಲ.

ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಹೋಳಿ ಕಳೆದ ಮೇಲೆ ಒಂದು ಸಂಜೆ ಅಜ್ಜಿ ಕವರನ್ನು ನನ್ನ ಕೈಗೆ ಕೊಡುತ್ತಾ, "ಮಗಾ, ಈ ಸಲ ನನ್ನದು ಒಂದು ತಿಂಗಳದ್ದು ಸಾಕು" ಎಂದರು.

"ಮೂರು ತಿಂಗಳದ್ದೇ ಅಗ್ಗ ಅಲ್ವಾ ಅಜ್ಜಿ?"

"ಉಪಯೋಗಿಸಿದ್ರೆ ಅಗ್ಗ."

ಹೆಚ್ಚು ಕೇಳುವುದು ನನ್ನ ಸ್ವಭಾವವಲ್ಲ. ಒಂದು ತಿಂಗಳದ್ದೇ ಮಾಡಿಸಿ ತಂದೆ. ಆಮೇಲೆ ಒಂದೊಂದೇ ಗಮನಕ್ಕೆ ಬಂತು. ಹೊಸ ಚಪ್ಪಲಿ ಬೇಡ, ಹಳೆಯದಕ್ಕೇ ಹೊಲಿಗೆ ಹಾಕಿಸು ಎಂದರು. ಕನ್ನಡಕದ ನಂಬರು ಬದಲಾಗಿದ್ದರೂ ಡಾಕ್ಟರ ಬಳಿಗೆ ಹೊರಡಲಿಲ್ಲ. ಕೊಬ್ಬರಿ ಎಣ್ಣೆಯ ದೊಡ್ಡ ಡಬ್ಬ ತಂದರೆ ಮುಗಿಸಲಿಕ್ಕೆ ತಾನಿರಬೇಕಲ್ಲ ಎಂದು ಸಣ್ಣದನ್ನು ತರಿಸಿದರು. ಅದು ಮುಗಿಯಿತು. ಇನ್ನೊಂದು ಸಣ್ಣದು ಬಂತು. ಅದೂ ಮುಗಿದಾಗ ಅಮ್ಮನಿಗೆ ತಡೆಯಲಾಗಲಿಲ್ಲ.

"ಯಮನಿಗೆ ಎಣ್ಣೆ ಅಂಗಡಿಯವನ ಹತ್ರ ಕಮಿಷನ್ ಉಂಟೋ ಏನೋ ಅತ್ತೆ. ನಿಮ್ಮ ಲೆಕ್ಕದಲ್ಲಿ ಅವನೊಬ್ಬ ಉದ್ಧಾರ ಆದ."

ಎಲ್ಲರಿಗಿಂತ ಹೆಚ್ಚು ನಕ್ಕವರು ಅಜ್ಜಿಯೇ. ಆದರೂ ಮುಂದಿನದು ಸಣ್ಣ ಡಬ್ಬವೇ.

ಕಾರಣ ನನಗೆ ತಿಳಿದದ್ದು ಒಂದು ಶನಿವಾರ. ಶನಿವಾರ ಅರ್ಧ ದಿನ ಆಫೀಸು. ನಾನು ಮಾಟುಂಗದಲ್ಲಿ ಇಳಿದು, ದೊಡ್ಡಜ್ಜಿಯ ಮನೆಯಲ್ಲಿ ಕಾಫಿ ಕುಡಿದು, ಅಜ್ಜಿಯನ್ನು ಕರೆದುಕೊಂಡು ಬರುತ್ತಿದ್ದೆ. ಅಂದು ವಾಪಸು ಬರುವ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಅಜ್ಜಿ ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟು ನೋಡುತ್ತಿದ್ದರು.

"ಇದು ನನ್ನ ಕೈ ಅಲ್ಲ. ಅಮ್ಮಂದು" ಎಂದರು. "ಈ ಗಂಟು ನೋಡು, ಬೆರಳು ಹೀಗೆ ಸೊಟ್ಟ ಆದದ್ದು ನೋಡು. ಅಮ್ಮ ಹೋಗುವ ವರ್ಷ ಅವಳ ಕೈ ಹೀಗೇ ಇತ್ತು. ಅರವತ್ತೆಂಟು ತುಂಬಿತ್ತು ಅವಳಿಗೆ. ನನಗೂ ಈಗ ಅಷ್ಟೇ."

"ದೊಡ್ಡಜ್ಜಿಗೆ ಅದು ದಾಟಿ ಎಷ್ಟೋ ವರ್ಷ ಆಯ್ತಲ್ಲ."

"ಅಕ್ಕ ಅಪ್ಪನ ಕಡೆಯವಳು. ಮೂಗು ನೋಡು ಅವಳದ್ದು. ಅಪ್ಪನ ಕಡೆಯವರಿಗೆ ಬೇಗ ಹೋಗಿ ಗೊತ್ತೇ ಇಲ್ಲ. ನಾನು ಪೂರ್ತಿ ಅಮ್ಮ."

ಎರಡು ಸ್ಟೇಷನ್ ದಾಟಿತು. ಆಮೇಲೆ, ನನಗಲ್ಲ, ಕಿಟಕಿಗೆ ಹೇಳುವಂತೆ ಹೇಳಿದರು. "ಇಷ್ಟು ದಿನ ಎಲ್ಲದರಲ್ಲೂ ಅಮ್ಮ ಮುಂದೆ ಇದ್ದಳು. ಕೂದಲು ಬೆಳ್ಳಗಾದದ್ದು, ಹಲ್ಲು ಬಿದ್ದದ್ದು, ಮೊಣಕಾಲು ನೋವು. ನನಗೆ ಏನು ಬಂದ್ರೂ, ಓ, ಇದು ಅವಳಿಗೆ ಬಂದದ್ದೇ ಅಂತ ಅನಿಸ್ತಿತ್ತು. ಇನ್ನು ಮುಂದಿನದ್ದು ಅವಳಿಗೆ ಗೊತ್ತಿಲ್ಲ. ಅವಳಿಲ್ಲದ ದಾರಿಯಲ್ಲಿ ನಾನೊಬ್ಬಳೇ ಹೇಗೆ ಹೋಗಲಿ?"

ಅರವತ್ತೆಂಟು ವರ್ಷದ ಹೆಂಗಸಿಗೆ ತಾಯಿಯ ಹಂಬಲ ಇಷ್ಟು ಹಸಿಯಾಗಿ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಮುಲುಂಡ್ ಬಂದಾಗ ಎಂದಿನಂತೆ ಅವರ ಚೀಲವನ್ನು ತೆಗೆದುಕೊಂಡೆ.

ಮಳೆ ಶುರುವಾದ ವಾರ ಅಜ್ಜಿಯ ಪಾಸು ಮತ್ತೆ ಮುಗಿಯಿತು. ಕವರ್ ನನ್ನ ಕೈಗೆ ಬರಲಿಲ್ಲ. ಕೇಳಿದಾಗ, "ಈಗ ಬೇಡ, ಮಳೆ" ಎಂದರು. ಈ ಊರಿನ ಮಳೆಯಲ್ಲಿ ಕೊಡೆ ಮುರಿದು, ಹಳಿಯ ಮೇಲೆ ನೀರು ನಿಂತು, ಅರ್ಧ ದಾರಿಯಿಂದ ಒದ್ದೆಯಾಗಿ ವಾಪಸು ಬಂದಿದ್ದವರು ಅವರು. ಮರುದಿನ ಮತ್ತೆ ಹೊರಡುತ್ತಿದ್ದರು. ಈಗ ಊಟವಾದ ಮೇಲೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಯಾರನ್ನೋ ಬರಹೇಳಿ, ಅವರು ಬರುವ ತನಕ ಬೇರೆ ಕೆಲಸ ಹಿಡಿಯದೆ ಕೂತವರ ಹಾಗೆ.

ಹೀಗೆ ಹಲವು ವಾರ ಕಳೆದವು. ಎರಡೂ ಮನೆಯಲ್ಲಿ ಫೋನಿರಲಿಲ್ಲ. ಒಂದು ಸಂಜೆ ಆಫೀಸಿನಿಂದ ಬರುವಾಗ ನಾನೇ ಮಾಟುಂಗದಲ್ಲಿ ಇಳಿದೆ.

ದೊಡ್ಡಜ್ಜಿ ಎರಡನೇ ಮಾಳಿಗೆಯ ಕಿಟಕಿಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಅಲ್ಲಿಂದ ಗಲ್ಲಿಯ ತುದಿ, ಸ್ಟೇಷನ್ ಕಡೆಯಿಂದ ಬರುವವರ ಕೊಡೆಗಳು ಕಾಣುತ್ತವೆ.

"ಹೂವಿನವನನ್ನು ನೋಡ್ತಾ ಇದ್ದೆ" ಎಂದರು. ಹೂವಿನವನು ಕೂರುವುದು ಕಟ್ಟಡದ ಇನ್ನೊಂದು ಬದಿಗೆ.

ನನ್ನ ಮುಂದೆ ಕಾಫಿಯ ಲೋಟ, ತಟ್ಟೆಯಲ್ಲಿ ಪತ್ರೊಡೆ ಇಟ್ಟರು. ಪ್ರತಿ ಮಳೆಗಾಲ ಅಕ್ಕ ತಂಗಿ ಕೂಡಿ ಮಾಡುತ್ತಿದ್ದದ್ದು. ಒಬ್ಬರು ಕೆಸುವಿನ ಎಲೆಗೆ ಹಿಟ್ಟು ಸವರುವುದು, ಇನ್ನೊಬ್ಬರು ಬಿಗಿಯಾಗಿ ಸುತ್ತಿ ಕಟ್ಟುವುದು. ಸುತ್ತುವ ಕೆಲಸ ಅಜ್ಜಿಯದು. ತಟ್ಟೆಯಲ್ಲಿದ್ದ ಸುರುಳಿಗಳೆಲ್ಲ ಬಿಚ್ಚಿಕೊಂಡು, ಎಲೆ ಒಂದು ಕಡೆ, ಹಿಟ್ಟು ಒಂದು ಕಡೆ ಆಗಿತ್ತು.

"ತಿನ್ನು, ನೋಡ್ಬೇಡ" ಎಂದರು. "ಅವಳು ಎಂತ ಮಾಡ್ತಾಳೆ?"

"ಕೂತಿರ್ತಾರೆ."

"ಅಮ್ಮನ ಹಾಗೆ ಹೋಗ್ತೇನೆ ಅಂತ?"

ಅವರಿಗೆ ಗೊತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ. ದೊಡ್ಡಜ್ಜಿಗೆ ಸಿಟ್ಟು ಬಂತು.

"ಅವಳಿಗೆ ಹೇಳು, ಕ್ಯೂ ಅಂದ್ರೆ ಕ್ಯೂ. ಈ ಬೊಂಬಾಯಿಯಲ್ಲಿ ರೇಶನ್ನಿಗೆ, ಹಾಲಿಗೆ ನಿಂತು ನಿಂತು ಕಾಲು ಸವೆಸಿದವಳು, ಅಷ್ಟೂ ಕಲೀಲಿಲ್ವಾ? ಮುಂದೆ ನಾನು ನಿಂತಿದ್ದೇನೆ. ನಡುವೆ ನುಗ್ಗಿದ್ರೆ ಸೆರಗು ಹಿಡಿದು ಹಿಂದೆ ಎಳೀತೇನೆ ಅಂತ ಹೇಳು."

ನನಗೆ ನಗು ಬಂತು. ಅವರು ನಗಲಿಲ್ಲ. ಸ್ಟೀಲಿನ ಡಬ್ಬಿಗೆ ಒಂದಿಷ್ಟು ಪತ್ರೊಡೆ ತುಂಬಿಸುತ್ತಾ, ತಲೆ ಎತ್ತದೆ ಮುಂದುವರಿಸಿದರು.

"ಅರವತ್ತೆಂಟು ತುಂಬಿದ ವರ್ಷ ನಾನೂ ಹೆದರಿದ್ದೆ. ಯಾರಿಗೂ ಹೇಳಲಿಲ್ಲ ಅಷ್ಟೆ. ಅಮ್ಮನಿಗಿಂತ ದೊಡ್ಡವಳಾಗೋದು ಅಂದ್ರೆ ಎಂತದೋ ತಪ್ಪು ಮಾಡಿದ ಹಾಗೆ ಆಗ್ತದೆ. ಒಂದು ದೀಪಾವಳಿ ಹೋಯ್ತು, ಮತ್ತೊಂದು ಬಂತು. ಆಮೇಲೆ ಅಭ್ಯಾಸ ಆಯ್ತು." ಡಬ್ಬಿಯ ಮುಚ್ಚಳ ಕೂರಲಿಲ್ಲ. ಇನ್ನೊಮ್ಮೆ ಒತ್ತಿದರು. "ನನ್ನ ಕಾಲು ಈ ಮೆಟ್ಟಿಲು ಇಳಿಯೋದಿಲ್ಲ ಮಗಾ. ನಾನು ಮುಲುಂಡಿಗೆ ಬರೋದು ಆಗದ ಮಾತು. ಅವಳೂ ಬರದಿದ್ರೆ, ಇಬ್ಬರೂ ಬದುಕಿರುವಾಗಲೇ ಒಬ್ಬಳಿಗೊಬ್ಬಳು ಇಲ್ಲದ ಹಾಗೆ. ಅದಕ್ಕೆ ಯಮ ಯಾಕೆ ಬೇಕು?"

ಮನೆಗೆ ಬಂದಾಗ ಅಜ್ಜಿ ದೇವರ ಮುಂದೆ ದೀಪ ಹಚ್ಚಿ, ಮರುದಿನದ ಹೂಬತ್ತಿ ಹೊಸೆಯುತ್ತಿದ್ದರು. ಡಬ್ಬಿಯನ್ನು ಮುಂದಿಟ್ಟು, ಕ್ಯೂವಿನ ಮಾತನ್ನು ದೊಡ್ಡಜ್ಜಿ ಹೇಳಿದ ಹಾಗೆಯೇ ಹೇಳಿದೆ. ಮೆಟ್ಟಿಲಿನ ಮಾತನ್ನೂ ಹೇಳಿದೆ. ಅಜ್ಜಿ ಮುಚ್ಚಳ ತೆಗೆದು ನೋಡಿದರು. ಬಿಚ್ಚಿಹೋದ ಒಂದು ತುಂಡನ್ನು ಬೆರಳಲ್ಲಿ ಮತ್ತೆ ಸುತ್ತಲು ನೋಡಿದರು. ಅದು ನಿಲ್ಲಲಿಲ್ಲ.

"ಎಲೆಯ ನರ ತೆಗೀಲಿಲ್ಲ ಅವಳು" ಎಂದರು. "ಕಣ್ಣು ಕಾಣೋದಿಲ್ಲ ಅವಳಿಗೆ."

ಮತ್ತೆ ಹೂಬತ್ತಿ ಹೊಸೆಯುತ್ತಾ ಕೇಳಿದರು. "ನೀನು ಅಷ್ಟು ಓದಿದ್ದೀಯಲ್ಲ, ನಿನ್ನ ಲೆಕ್ಕ ಎಂತ ಹೇಳ್ತದೆ? ನನಗೆ ಇನ್ನೆಷ್ಟು?"

ಒಬ್ಬರ ವಿಷಯದಲ್ಲಿ ಅದು ಏನೂ ಹೇಳುವುದಿಲ್ಲ, ಸಾವಿರಾರು ಜನರನ್ನು ಒಟ್ಟಿಗೆ ನೋಡಿದರೆ ಮಾತ್ರ ಏನಾದರೂ ಹೇಳಬಹುದು ಎಂದೆ. ಆಮೇಲೆ, ನನಗೆ ಖಚಿತವಾಗಿ ಗೊತ್ತಿದ್ದ ಒಂದು ಸಂಗತಿ ಹೇಳಿದೆ. ನಮ್ಮ ದೇಶದವರ ಸರಾಸರಿ ಆಯುಷ್ಯ ಅಷ್ಟು ಕಡಿಮೆ ಕಾಣುವುದಕ್ಕೆ ಒಂದು ದೊಡ್ಡ ಕಾರಣ, ಹುಟ್ಟಿದ ಸ್ವಲ್ಪ ದಿನಕ್ಕೇ ಹೋದ ಮಕ್ಕಳನ್ನೂ ಅದರಲ್ಲಿ ಸೇರಿಸುವುದು. ಅದನ್ನೆಲ್ಲ ದಾಟಿ ಇಲ್ಲಿಯ ತನಕ ಬಂದವರಿಗೆ ಆ ಸರಾಸರಿ ಸಲ್ಲುವುದಿಲ್ಲ. ಅವರ ಮುಂದೆ ಸಾಮಾನ್ಯವಾಗಿ ಇನ್ನೂ ಕೆಲವು ವರ್ಷ ಇರುತ್ತದೆ.

ಅಜ್ಜಿಯ ಕೈ ನಿಂತಿತು.

"ಆ ಮಕ್ಕಳನ್ನೂ ಸೇರಿಸ್ತಾರಾ?"

"ಸೇರಿಸ್ತಾರೆ ಅಜ್ಜಿ."

"ನಿನ್ನ ಅಪ್ಪನ ಮೊದಲು ನನಗೆ ಎರಡು ಆಗಿತ್ತು. ಒಂದಕ್ಕೆ ಹೆಸರೂ ಇಟ್ಟಿರಲಿಲ್ಲ." ಆ ಎರಡರ ಸುದ್ದಿ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದು ನನಗೆ ನೆನಪಿಲ್ಲ. "ಎಲ್ಲಿಯೂ ಲೆಕ್ಕಕ್ಕಿಲ್ಲದೆ ಹೋದ್ವು ಅಂತ ಎಣಿಸಿದ್ದೆ."

ಅವು ನಿಜವಾಗಿಯೂ ಯಾವ ಪಟ್ಟಿಗಾದರೂ ಬಂದಿದ್ದವೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವರ ಮುಖ ನೋಡಿದರೆ ಅದನ್ನು ಹೇಳುವ ಮನಸ್ಸಾಗಲಿಲ್ಲ.

"ಒಳ್ಳೇದಾಯ್ತು" ಎಂದರು ಅಜ್ಜಿ. ಬಹಳ ಹೊತ್ತು ಹೂಬತ್ತಿ ಹೊಸೆದರು. ಆಮೇಲೆ ಡಬ್ಬಿಯಲ್ಲಿದ್ದುದನ್ನೆಲ್ಲ ತಿಂದು, ಉಪ್ಪು ಕಡಿಮೆ ಎಂದು ಹೇಳಿ, ಡಬ್ಬಿಯನ್ನು ತಾವೇ ತೊಳೆದು ಒರೆಸಿ ನನ್ನ ಆಫೀಸಿನ ಚೀಲದ ಪಕ್ಕ ಇಟ್ಟರು. ಮಲಗುವ ಮುಂಚೆ ನೋಡಿದಾಗ ಡಬ್ಬಿಯ ಮೇಲೆ ಪಾಸಿನ ಕವರ್ ಇತ್ತು. ಎಷ್ಟು ತಿಂಗಳದ್ದು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬೇಗ ಸ್ನಾನ ಮಾಡಿ ಸ್ಟೇಷನ್ನಿಗೆ ಹೋದೆ. ಪಾಸಿನ ಕಿಟಕಿಯ ಮುಂದೆ ಆಗಲೇ ಸಾಲು ಬಾಗಿಲ ತನಕ ಬಂದಿತ್ತು. ನನ್ನ ಪಾಸು ಮುಗಿಯಲು ಇನ್ನೂ ಎರಡು ದಿನ ಇತ್ತು. ಆದರೂ ಎರಡನ್ನೂ ಒಟ್ಟಿಗೆ ಒಳಗೆ ಕೊಟ್ಟು, ಎರಡೂ ಮೂರು ತಿಂಗಳದ್ದು ಎಂದೆ. ಮನೆಗೆ ವಾಪಸು ಬಂದಾಗ ಅಪ್ಪ ಪೂಜೆ ಮುಗಿಸಿದ್ದರು. ಅಜ್ಜಿಯ ಕವರಿನಲ್ಲಿ ಪುಡಿಯಾಗಿದ್ದ ಹಳೆಯ ಎಲೆಯನ್ನು ತುಳಸಿಯ ಕುಂಡಕ್ಕೆ ಕೊಡವಿದೆ. ತಟ್ಟೆಯಿಂದ ಹಸಿ ಎಲೆಯೊಂದನ್ನು ಆರಿಸಿ, ನೀರು ಒರೆಸಿ, ಹೊಸ ಪಾಸಿನ ಹಿಂದೆ ಇಟ್ಟೆ.