ಗಿರಿಜಕ್ಕನ ಬೋರ್ಡು

ಕಳಸದಲ್ಲಿ ನನ್ನದು ಬೋರ್ಡ್ ಬರೆಯುವ ಕೆಲಸ. ಒಮ್ಮೆ ಸಂಸೆಯ ಗಿರಿಜಕ್ಕ ಬಂದು, "ಗಿರಿಜಾ ಎಸ್ಟೇಟ್ ಅಂತ ಇಂಗ್ಲಿಷಲ್ಲಿ ಬರಿ" ಅಂದರು. ಎಸ್ಟೇಟುಗಳಲ್ಲಿ ಕಾಫಿ ಹಣ್ಣು ಕುಯ್ಯುವ ಕೆಲಸ ಮಾಡಿಕೊಂಡೇ ಸ್ವಂತಕ್ಕೆ ಒಂದೆಕರೆ ತೋಟ ಮಾಡಿಕೊಂಡವರು. ನಮ್ಮ ಕಡೆ ಎಸ್ಟೇಟ್ ಅಂದರೆ ಬಂಗಲೆ, ಲೆಕ್ಕ ಬರೆಯುವ ರೈಟರು, ಮೇಸ್ತ್ರಿ ಎಲ್ಲ ಇರಬೇಕು; ಉಳಿದವರದ್ದು ಬರೀ ತೋಟ.

"ತೋಟ ಅಂತಲೇ ಬರೀಲಾ ಅಕ್ಕಾ? ಜನ ನಗ್ತಾರೆ."

"ನನ್ನನ್ನ ಎಸ್ಟೇಟ್ ಆಳು ಅಂತ ಕರೆಯೋವಾಗ ಯಾರೂ ನಗಲಿಲ್ಲ ಮಾರಾಯ. ನೀನು ಬರಿ, ನಗೋರನ್ನ ನಾನು ನೋಡ್ಕೊಳ್ತೀನಿ."

ಬರೆದೆ. ಗೇಟಿಗಿಂತ ಬೋರ್ಡೇ ಉದ್ದವಾಯಿತು.

ಮೊನ್ನೆ ಅವರ ಪಕ್ಕದ ದೊಡ್ಡ ಎಸ್ಟೇಟಿನ ಸಾಹುಕಾರರು ಹೋಂಸ್ಟೇ ಶುರುಮಾಡಿ, ಹಳೇ ಬೋರ್ಡು ಹೊರಿಸಿಕೊಂಡು ಬಂದರು. "ಎಸ್ಟೇಟ್ ಅಳಿಸಿ, ಇಂಗ್ಲಿಷ್ ಅಕ್ಷರದಲ್ಲೇ ತೋಟ ಅಂತ ಬರಿ. ಪೇಟೆಯವರಿಗೆ ಅದೇ ಇಷ್ಟವಂತೆ."

ಆ ದಾರಿಯಲ್ಲಿ ಈಗ ಇರುವುದು ಒಂದೇ ಎಸ್ಟೇಟ್, ಗಿರಿಜಕ್ಕನದು.